ಸಾಸಿವೆ ಮಲಗದ ಗುರುವಾರ

ನಮ್ಮೂರಿನಲ್ಲಿ ಯಾರಾದರೂ ಎದುರಾದರೆ ಮೊದಲು ಕೇಳುವ ಮಾತು ‘ಊಟ ಆಯ್ತಾ’ ಅಲ್ಲ, ‘ನಿಮ್ಮನೇಲಿ ಇವತ್ತು ಯಾವ ವಾರ’ ಎಂಬುದು. ಪಂಜರಕ್ಕೆ ಬಟ್ಟೆ ಹೊದಿಸಿ, ಒಳಗಿನ ಗಿಣಿಗಳು ಮಲಗಿದರೆ ಆ ಮನೆಗೆ ರಾತ್ರಿ. ಬಟ್ಟೆ ತೆಗೆದರೆ ಬೆಳಗು. ಬೀದಿಯಲ್ಲಿ ಸೂರ್ಯ ತನ್ನ ಪಾಡಿಗೆ ತಾನು ಹುಟ್ಟಿ ಮುಳುಗುತ್ತಿರುತ್ತಾನೆ, ಅದು ಬೀದಿಯ ವಿಚಾರ. ಗಿಣಿ ಎಂದರೆ ಸೀಬೆಮರಕ್ಕೆ ದಂಡು ಕಟ್ಟಿ ಬರುವ ದೊಡ್ಡ ಗಿಣಿಯಲ್ಲ. ಪೇಟೆಯವರು ಲವ್ ಬರ್ಡ್ಸ್ ಎನ್ನುತ್ತಾರಲ್ಲ, ಅಂಗೈಯಲ್ಲಿ ಹಿಡಿಸುವ ಆ ಪುಟ್ಟ ಗಿಣಿಗಳು. ಪಕ್ಕದ ಬೀದಿಯ ತುಂಗಮ್ಮನ ಮನೆಯ ಗಿಣಿಗಳು ಬಟ್ಟೆ ಕಂಡರೆ ಸಾಕು, ತೂಕಡಿಸುತ್ತವೆ. ಅವಳಿಗೆ ಬೇಡದ ನೆಂಟರು ಬಂದರೆ ಮಧ್ಯಾಹ್ನ ಮೂರಕ್ಕೇ ಹೊದಿಸಿ, ‘ಅಯ್ಯೋ, ಕತ್ತಲಾಗೇ ಹೋಯ್ತಲ್ರೀ’ ಎಂದು ಕೆನ್ನೆಗೆ ಕೈ ಹಚ್ಚುತ್ತಾಳೆ. ಪರೀಕ್ಷೆಗೆ ಓದಿರದ ಮಕ್ಕಳಿರುವ ಮನೆಯವರು ಹಿಂದಿನ ದಿನವನ್ನು ಎಳೆದೆಳೆದು ಒಂದೂವರೆ ದಿನ ಮಾಡುತ್ತಾರೆ. ಅದಕ್ಕಿಂತ ಹೆಚ್ಚು ಎಳೆದರೆ ಗಿಣಿಗಳು ನಿದ್ದೆಗೆಟ್ಟು ತಮ್ಮ ಗರಿ ತಾವೇ ಕಿತ್ತುಕೊಳ್ಳುತ್ತವೆ. ಆಗ ಎಲ್ಲರೂ ಓಡಿ ಬರುವುದು ನನ್ನ ಅಂಗಡಿಗೆ.

ಬೀದಿಯ ತುದಿಯಲ್ಲಿರುವುದು ನನ್ನ ಗಿಣಿ ಸಾಮಾನಿನ ಅಂಗಡಿ. ನವಣೆ, ಸಜ್ಜೆ, ಗೂಡಿಗೆ ಬೇಕಾದ ಮಣ್ಣಿನ ಕುಡಿಕೆ, ಕೊಕ್ಕು ಉಜ್ಜಿಕೊಳ್ಳಲು ಸಮುದ್ರನೊರೆಯ ಬಿಲ್ಲೆ, ಎಲ್ಲವೂ ಇದೆ. ನನ್ನ ಹೆಸರು ನಾಗಭೂಷಣ. ಊರು ಕರೆಯುವುದು ನವಣೆ ಭೂಷಣ ಎಂದು. ಬಂದವರಿಗೆಲ್ಲ ಸಾಮಾನಿನ ಜೊತೆಗೆ ಉಪದೇಶ ಪುಕ್ಕಟೆ. ಒಗ್ಗರಣೆಯ ಘಾಟು ಬಡಿಯುವ ಕಡೆ ಪಂಜರ ಇಡಬೇಡಿ. ಬಟ್ಟಲು ತುಂಬಿದೆ ಎಂದು ನಂಬಬೇಡಿ, ಗಿಣಿ ಕಾಳು ತಿಂದು ಹೊಟ್ಟನ್ನು ಅಲ್ಲೇ ಬಿಟ್ಟಿರುತ್ತದೆ, ದಿನಕ್ಕೆರಡು ಸಲ ಮೆಲ್ಲಗೆ ಊದಿ. ಎಲ್ಲಕ್ಕಿಂತ ಮೊದಲು ಹತ್ತು ಗಂಟೆ ನಿದ್ದೆ, ಒಂದು ನಿಮಿಷ ಕಡಿಮೆಯಾಗಬಾರದು. ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆಯೇ ಹೊರತು ಯಾರೂ ಊದುವುದಿಲ್ಲ. ತುಂಬಿದ ಬಟ್ಟಲಿನ ಮುಂದೆ ಹಸಿದು ಕೂತ ಗಿಣಿಯನ್ನು ಹೊತ್ತು ತಂದು, ‘ಏನೋ ಕಾಯಿಲೆ ಬಂದಿದೆ ಭೂಷಣಣ್ಣ’ ಎನ್ನುತ್ತಾರೆ. ಇವರಿಗೆಲ್ಲ ಗಿಣಿ ಯಾಕೆ ಬೇಕು ಎಂದು ನಾನು ಒಳಗೊಳಗೇ ಬೈದುಕೊಂಡು, ಬಟ್ಟಲು ಊದಿ ಕೊಡುತ್ತೇನೆ.

ಊದುವವಳು ಒಬ್ಬಳಿದ್ದಳು, ಪಂಕಜಾಕ್ಷಿ. ಹನ್ನೊಂದು ವರ್ಷದಿಂದ ವಾರಕ್ಕೊಂದು ಸಲ ನವಣೆಗೆ ಬರುತ್ತಿದ್ದಳು. ಅವಳ ಮನೆಯಲ್ಲಿ ನಾಲ್ಕು ಗಿಣಿ: ಏಲಕ್ಕಿ, ಲವಂಗ, ಜೀರಿಗೆ, ಸಾಸಿವೆ. ಸಾಸಿವೆ ಎಲ್ಲಕ್ಕಿಂತ ಚಿಕ್ಕದು, ಹಠ ಎಲ್ಲಕ್ಕಿಂತ ದೊಡ್ಡದು. ನವಣೆಯನ್ನು ಅಂಗೈಗೆ ಸುರಿದುಕೊಂಡು ಮೂಸಿ, ‘ಇದು ಹೋದ ಸಲದ್ದೇ ಅಲ್ವಾ’ ಎಂದು ಕೇಳುವಳು. ‘ಅಲ್ಲ’ ಎಂದು ನಾನು ಸುಳ್ಳು ಹೇಳುವೆ. ‘ಹೌದು ಬಿಡಿ’ ಎಂದು ಅವಳು ನಗುವಳು. ಇಷ್ಟೇ ನಮ್ಮ ಪ್ರೇಮ ಪ್ರಕರಣ. ಹನ್ನೊಂದು ವರ್ಷ ಇದನ್ನೇ ಮಾಡಿದ ಮೇಲೆ, ನನಗೆ ಐವತ್ನಾಲ್ಕು, ಅವಳಿಗೆ ನಲವತ್ತೊಂಬತ್ತು ಆದಾಗ, ಒಂದು ದಿನ ಅವಳೇ, ‘ಹಳೇ ನವಣೆ ಮಾರೋದು ಬಿಟ್ಟು ಮನೆಗೆ ಬಂದು ಅಣ್ಣನ್ನ ಕೇಳಬಾರದೇ’ ಎಂದಳು. ನನ್ನ ಕೈಯಲ್ಲಿದ್ದ ಸೇರು ಕೆಳಗೆ ಬಿತ್ತು.

ಅವಳ ಅಣ್ಣ ವೆಂಕಟಾಚಲಯ್ಯ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಮ್ಮೂರನ್ನು ಮೂರು ಸಲ ಸರಪಳಿ ಹಿಡಿದು ಅಳೆದರೂ ನಕ್ಷೆಗೆ ಏರಿಸಲಾಗಲಿಲ್ಲ ಎಂಬ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮದುವೆಯಾದವರಲ್ಲ. ನಕ್ಕವರೂ ಅಲ್ಲ. ತುಟಿ ಬಿಗಿಹಿಡಿದು, ಸಂದಿಯಲ್ಲಿ ಮಾತು ಹೊರಗೆ ಬಿಡುವರು. ಗಿಣಿಗಳ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಲವ್ ಬರ್ಡ್ಸ್ ಎನ್ನಲೂ ನಾಚಿಕೆ, ‘ಆ ಬರ್ಡ್ಸು’ ಎನ್ನುವರು. ‘ಆ ಬರ್ಡ್ಸಿನ ಗಲಾಟೆಯಲ್ಲಿ ಪೇಪರ್ ಓದೋಕಾಗಲ್ಲ.’ ತಿಂಗಳಿಗೊಮ್ಮೆ ನನ್ನ ಅಂಗಡಿಗೂ ಬರುತ್ತಿದ್ದರು, ಅದೂ ಆಚೆ ಈಚೆ ನೋಡಿಕೊಂಡು. ಒಂದು ಬಿಲ್ಲೆ ಸಮುದ್ರನೊರೆ ಕೊಳ್ಳುವರು. ‘ಹಲ್ಲು ಉಜ್ಜೋಕೆ ಕಣಯ್ಯಾ. ಪುಡಿ ಮಾಡಿ ಉಜ್ಜಿದರೆ ವಸಡು ಗಟ್ಟಿ’ ಎನ್ನುವರು. ನಾನೂ ನಂಬಿದ್ದೆ. ಅಷ್ಟು ಗಂಭೀರ ಮುಖದ ಮನುಷ್ಯ ಸುಳ್ಳು ಹೇಳಿಯಾರು ಎಂದು ಯಾರಿಗಾದರೂ ಅನ್ನಿಸುತ್ತದೆಯೇ?

ಹೆಣ್ಣು ಕೇಳಲು ಹೋದಾಗ ಅವರು ಬಹಳ ಹೊತ್ತು ಪೇಪರ್ ಮಡಿಸಿದರು. ಆಮೇಲೆ, ‘ಅವಳ ಇಷ್ಟ’ ಎಂದರು. ಪೇಪರನ್ನು ಇನ್ನೊಂದು ಮಡಿಕೆ ಮಡಿಸಿ, ‘ಹೊದಿಕೆ ಯಾರ ಕೈಗೆ?’ ಎಂದರು. ನಮ್ಮಲ್ಲಿ ಒಂದು ಮನೆಯ ಹೊದಿಕೆ ಒಬ್ಬರ ಕೈಯದು. ಹೆಣ್ಣು ಮದುವೆಯಾಗಿ ಹೊರಡುವುದಾದರೆ ಹಿಂದಿನ ಸಂಜೆ ಅರಿಶಿನ ಕುಂಕುಮ ಇಟ್ಟು ಅದನ್ನು ಉಳಿಯುವವರ ಕೈಗೆ ಕೊಡಬೇಕು. ಕೊಟ್ಟ ಮೇಲೆ ಅವಳು ಎಷ್ಟು ಹೊದಿಸಿದರೂ ಆ ಮನೆಯ ಗಿಣಿಗಳು ಮಲಗುವುದಿಲ್ಲ. ಆ ಮನೆಯಲ್ಲಿ ಉಳಿಯುವವರು ಇವರೊಬ್ಬರೇ. ‘ನಿನಗೇ ಅಣ್ಣ’ ಎಂದಳು ಪಂಕಜಾಕ್ಷಿ. ‘ಹೂಂ’ ಎಂದು ಅವರು ಪೇಪರನ್ನು ಮತ್ತೆ ಬಿಡಿಸಿದರು.

ಇಲ್ಲಿ ನಾನು ಒಂದು ದೊಡ್ಡಸ್ತಿಕೆಯ ಕೆಲಸ ಮಾಡಿದೆ. ಆ ಮನೆಯ ಹೊದಿಕೆ ಪಂಕಜಾಕ್ಷಿಯ ಹಳೆಯ ಬದನೆಕಾಯಿ ಬಣ್ಣದ ಸೀರೆಯ ತುಂಡು. ಒಗೆದೊಗೆದು ಜಾಲರಿಯಾಗಿತ್ತು. ಭಾವನಾಗುವವರಿಗೆ ಒಂದು ಉಡುಗೊರೆ ಇರಲಿ ಎಂದು ದರ್ಜಿಯ ಹತ್ತಿರ ನೀಲಿ ಸ್ಯಾಟಿನ್ನಿನ, ಸುತ್ತ ಜರಿ ಅಂಚಿನ ಹೊಸ ಹೊದಿಕೆ ಹೊಲಿಸಿ ಕಳುಹಿಸಿದೆ. ಬೀದಿಯವರೆಲ್ಲ ಮುಟ್ಟಿ ನೋಡಿ, ‘ನವಣೆಯವನಿಗೂ ರುಚಿ ಇದೆ’ ಎಂದರು. ನಾನು ಉಬ್ಬಿಹೋದೆ.

ಮದುವೆ ಶುಕ್ರವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ. ಈ ವಯಸ್ಸಿನಲ್ಲಿ ಛತ್ರ ಯಾಕೆಂದು ಅವರ ಮನೆಯ ಮುಂದೆಯೇ ಚಪ್ಪರ ಹಾಕಿಸಿದ್ದೆವು. ಆ ಮುಹೂರ್ತ ತಪ್ಪಿದರೆ ಆಷಾಢ ಕಳೆಯುವ ತನಕ ಇನ್ನೊಂದಿಲ್ಲ ಎಂದು ಪುರೋಹಿತರಾದ ಶೇಷಾವಧಾನಿಗಳು ಮೊದಲೇ ಹೇಳಿದ್ದರು. ಪಂಕಜಾಕ್ಷಿ ಹಿಂದೆ ಎರಡು ಸಲ ಮದುವೆ ನಿಶ್ಚಯವಾಗಿ, ದಿನ ಮುಂದೆ ಹೋಗಿ, ಆ ನಡುವೆ ‘ಅಣ್ಣನನ್ನ ಬಿಟ್ಟು ಹೇಗೆ ಬರಲಿ’ ಎಂದು ಮನಸ್ಸು ಬದಲಾಯಿಸಿದವಳು. ಮೂರನೆಯ ಸಲ ನಾನು ಆ ಪಟ್ಟಿಗೆ ಸೇರುವುದು ನನಗೆ ಬೇಕಾಗಿರಲಿಲ್ಲ. ಹಾಗಾಗಿ ಎಂಟೂವರೆಗೇ ಪೇಟ ಸುತ್ತಿಕೊಂಡು, ವಾಲಗದವರನ್ನು ಮುಂದೆ ಬಿಟ್ಟುಕೊಂಡು ಹೊರಟೆ.

ಹೋಗಿ ನೋಡಿದರೆ ಆ ಮನೆಯ ಬಾಗಿಲು ಮುಚ್ಚಿದೆ. ಕಿಟಕಿಯೊಳಗೆ ದೀಪ ಉರಿಯುತ್ತಿದೆ. ಊದುಬತ್ತಿಯ ವಾಸನೆ. ಒಳಗೆ ನಾಲ್ಕೂ ಗಿಣಿಗಳು ಸಂತೆಯ ಹಾಗೆ ಗಲಗಲ ಎನ್ನುತ್ತಿವೆ. ಬೀದಿಗೆ ಬಿಸಿಲು ಬಿದ್ದು ಎರಡು ತಾಸಾಗಿದ್ದರೂ ಆ ಮನೆಯಲ್ಲಿ ಇನ್ನೂ ಗುರುವಾರ ಸಂಜೆ.

‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂದಳು ತುಂಗಮ್ಮ, ಚಪ್ಪರದ ಕಂಬಕ್ಕೆ ಒರಗಿಕೊಂಡು. ಅವಳಿಗೆ ಬೆಳಗಿನ ತಿಂಡಿಗಿಂತ ಇದು ರುಚಿಯಾಗಿತ್ತು. ‘ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರೆ. ನಿಂದು ಯಾವುದು ಮೊದಲು ಭೂಷಣ?’

‘ಸುಮ್ನಿರಮ್ಮ ನೀನು’ ಎಂದೆ. ಅವಧಾನಿಗಳ ಕಡೆ ತಿರುಗಿ, ‘ಹಾಗೇ ಕರ್ಕೊಂಡು ಬಂದು ಕೂರಿಸಿದ್ರೆ ಆಗಲ್ವಾ? ಹಾಲಿನವನು ಬೇರೆ ಬೇರೆ ವಾರದ ಮನೆಗಳಿಗೆ ದಿನಾ ಹೋಗಿ ಬಂದು ಮಾಡ್ತಾನೆ, ಪೋಸ್ಟಿನವನು ಹೋಗ್ತಾನೆ’ ಎಂದೆ.

‘ಹಾಲು ಬೇರೆ, ಹೆಣ್ಣು ಬೇರೆ’ ಎಂದರು ಅವಧಾನಿಗಳು. ‘ನಿನ್ನೆಯ ಹೆಣ್ಣನ್ನ ಇವತ್ತಿನ ಗಂಡಿಗೆ ಧಾರೆ ಎರೆಯೋದು ಹೇಗಪ್ಪಾ? ಸಂಕಲ್ಪದಲ್ಲಿ ಯಾವ ವಾರ ಹೇಳಲಿ ನಾನು?’

ಜನ ಗುಸುಗುಸು ಶುರುಮಾಡಿದರು. ಅಣ್ಣನಿಗೆ ತಂಗಿಯನ್ನು ಕಳುಹಿಸುವ ಮನಸ್ಸಿಲ್ಲ, ಬೇಕೆಂದೇ ಹೊದಿಸಿಲ್ಲ, ಅಡುಗೆ ಮಾಡಿ ಹಾಕುವವರು ಯಾರು ನೋಡು ಎಂದರು. ಕೇಳುತ್ತ ಕೇಳುತ್ತ ನನಗೂ ಅದೇ ನಿಜ ಅನ್ನಿಸಿತು. ಸಿಟ್ಟು ನೆತ್ತಿಗೇರಿತು. ಕಿಟಕಿಯ ಹತ್ತಿರ ಹೋಗಿ, ‘ರಾಯರೇ, ಇಷ್ಟ ಇಲ್ಲದಿದ್ರೆ ಅವತ್ತೇ ಬಾಯಿಬಿಟ್ಟು ಹೇಳಬೇಕಿತ್ತು. ಊರ ಮುಂದೆ ಪೇಟ ಕಟ್ಕೊಂಡು ನಿಂತಿದ್ದೀನಿ ನಾನು’ ಎಂದೆ.

ವೆಂಕಟಾಚಲಯ್ಯನವರು ಕಿಟಕಿಗೆ ಬಂದರು. ಕಣ್ಣು ಕೆಂಪಗೆ, ತಲೆ ಕೆದರಿ, ಹೆಗಲ ಮೇಲೆ ಮಾಸಲು ವಸ್ತ್ರ. ಮೊದಲು ಒಳಕೋಣೆಯ ಕಡೆ ತಿರುಗಿ ನೋಡಿ, ಆಮೇಲೆ ಪಿಸುದನಿಯಲ್ಲಿ, ‘ಮೆಲ್ಲಗೆ ಮಾತಾಡಯ್ಯಾ, ಅವಳು ಈಗಷ್ಟೇ ಗೋಡೆಗೆ ಒರಗಿದ್ದಾಳೆ. ಹೊದಿಸಿದ್ದೀನಿ ಕಣಯ್ಯಾ. ಎಷ್ಟು ಸಲ ಅಂತ ಹೇಳಲಿ! ಹೊದಿಸಿದ ತಕ್ಷಣ ಕಿರುಚುತ್ತವೆ, ತೆಗೆದರೆ ನನ್ನನ್ನೇ ನೋಡುತ್ತವೆ. ಏಲಕ್ಕಿ, ಲವಂಗ ಹೋಗಲಿ ಅಂತ ಕಣ್ಣು ಮುಚ್ಚಿದರೂ ಸಾಸಿವೆ ಮಲಗಲ್ಲ, ಮಲಗಿದವರನ್ನೂ ಎಬ್ಬಿಸುತ್ತೆ’ ಎಂದರು.

‘ಯಾವುದು ಹೊದಿಸಿದ್ದೀರಿ?’

‘ನೀನು ಕೊಟ್ಟಿದ್ದೇ. ಅವಳು ಅರಿಶಿನ ಕುಂಕುಮ ಇಟ್ಟು ಕೈಗೆ ಕೊಟ್ಟಳಲ್ಲ, ಆ ಜರಿದು.’

ನನ್ನ ಪೇಟ ತಲೆಯ ಮೇಲೆ ಭಾರವಾಯಿತು. ಹೊಸ ಬಟ್ಟೆ, ಗಂಜಿ ವಾಸನೆ ಕೂಡ ಹೋಗಿಲ್ಲ. ಗುರುತಿಲ್ಲದ ವಾಸನೆಯ ಕೆಳಗೆ ಪುಟ್ಟ ಗಿಣಿ ಮಲಗುವುದಿಲ್ಲ. ಇದನ್ನು ನಾನು ಅಂಗಡಿಯಲ್ಲಿ ಎಷ್ಟು ಜನಕ್ಕೆ ಹೇಳಿಲ್ಲ! ಹೊಸ ಹೊದಿಕೆಯನ್ನು ಹದಿನೈದು ದಿನ ಪಂಜರದ ಪಕ್ಕದಲ್ಲಿಟ್ಟು ರೂಢಿ ಮಾಡಿಸಬೇಕು. ನನ್ನ ಮದುವೆಯ ಗಡಿಬಿಡಿಯಲ್ಲಿ ನನ್ನ ಉಪದೇಶ ನನಗೇ ಮರೆತುಹೋಗಿತ್ತು. ವೈದ್ಯರ ಮನೆಯಲ್ಲೇ ಪಥ್ಯ ಇಲ್ಲ ಎಂದಂತಾಯಿತು.

‘ಹಳೇದು ಹೊದಿಸಿ ರಾಯರೇ. ಆ ಸೀರೆ ತುಂಡು.’

‘ಅದು ಇಲ್ಲ.’

‘ಎಲ್ಲಿ ಹೋಯ್ತು?’

ಅವರು ಮತ್ತೆ ಒಳಗೆ ನೋಡಿದರು. ‘ಅವಳ ಟ್ರಂಕಿನಲ್ಲಿ. ಟ್ರಂಕು ತುಂಬುವಾಗ ಬಂದು, ಅಣ್ಣ, ಇದೊಂದನ್ನ ನಾನು ತಗೊಂಡು ಹೋಗಲಾ ಅಂತ ಕೇಳಿದಳು. ನಾನು ಅವಳಿಗೆ ಏನು ಕೊಟ್ಟಿದ್ದೀನಯ್ಯಾ? ಇಪ್ಪತ್ತೈದು ವರ್ಷ ನನಗೆ ಬೇಯಿಸಿ ಹಾಕಿದಳು. ಒಂದು ದಿನ ಒಂದು ರವಿಕೆ ಕಣ ಬೇಕು ಅಂದವಳಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಬಾಯಿಬಿಟ್ಟು ಒಂದು ಹರಕು ಬಟ್ಟೆ ಕೇಳಿದಳು. ಅದನ್ನ ಕೊಟ್ಟು, ಒಂದು ತಾಸಿಗೆ ವಾಪಸ್ ಕೇಳು ಅಂತೀಯಾ? ನೀನು ಏನಾದರೂ ಅವಳಿಗೆ ಹೇಳಿದೆಯೋ, ನೋಡು ಮತ್ತೆ.’

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಈ ಮನುಷ್ಯನನ್ನು ಊರೆಲ್ಲ ಸೇರಿ ಬೈಯುತ್ತಿತ್ತು, ನಾನೂ ಬೈದೆ. ಕಿಟಕಿಯ ಕಂಬಿ ಹಿಡಿದು ನಿಂತೆ. ಅವರೂ ನಿಂತರು. ನಿಂತವರು ಕೈಗೆ ಕೆಲಸವಿಲ್ಲದೆ ಪಂಜರದ ಬಾಗಿಲು ತೆರೆದು, ನವಣೆಯ ಬಟ್ಟಲು ತೆಗೆದು, ಮುಖ ಒಂದು ಪಕ್ಕಕ್ಕೆ ವಾರೆ ಮಾಡಿ, ಮೆಲ್ಲಗೆ ಎರಡು ಸಲ ಊದಿದರು. ಹೊಟ್ಟು ಹಾರಿತು. ಬೆರಳಿನಿಂದ ಕಾಳು ಕೆದಕಿ ನೋಡಿ ಮತ್ತೆ ಒಳಗಿಟ್ಟರು.

ಇಷ್ಟು ಹೊತ್ತೂ ನಾನು ಎಷ್ಟು ದಡ್ಡನಾಗಿದ್ದೆ! ಊರಿನ ಅರ್ಧ ಜನಕ್ಕೆ ನಾನು ತಲೆ ಚಚ್ಚಿಕೊಂಡು ಹೇಳಿದರೂ ಬಾರದ ಕೆಲಸ ಅದು. ಕಣ್ಣಿಗೆ ಹೊಟ್ಟು ಬೀಳದಂತೆ ಮುಖ ವಾರೆ ಮಾಡುವುದಂತೂ ನೂರಾರು ಸಲ ಊದಿದವರಿಗೆ ಮಾತ್ರ ಬರುತ್ತದೆ. ಮೇಲಾಗಿ, ‘ಆ ಬರ್ಡ್ಸು’ ಎನ್ನುತ್ತಿದ್ದವರು ಈಗ ತಾನೇ ಮೂವರನ್ನು ಹೆಸರು ಹಿಡಿದು ಕರೆದಿದ್ದರು. ನಾನು ಅವರ ಹೆಗಲ ವಸ್ತ್ರವನ್ನು ನೋಡಿದೆ. ಅದರ ಒಂದು ಅಂಚು ಪೂರ್ತಿ ಚಿಂದಿಯಾಗಿತ್ತು. ಕೊಕ್ಕಿನ ಕೆಲಸ, ನನಗೆ ಗೊತ್ತು.

‘ರಾಯರೇ, ನಿಮ್ಮ ಹೆಗಲ ಮೇಲಿರೋದನ್ನ ಹೊದಿಸಿ.’

‘ಇದಾ? ಇದು ನನ್ನ ಬೆವರು ಒರೆಸೋದು. ಇದಕ್ಕೂ ಅವಕ್ಕೂ ಏನಯ್ಯಾ ಸಂಬಂಧ?’

‘ಸಂಬಂಧ ನೀವೇ ಹೇಳಬೇಕು. ಪಂಕಜಾಕ್ಷಿ ತರಕಾರಿಗೆ ಹೋದಾಗ ಸಾಸಿವೆ ಎಲ್ಲಿ ಕೂರುತ್ತೆ?’

ಅವರ ಮುಖ ಮೆಣಸಿನಕಾಯಿಯಾಯಿತು. ‘ಯಾರು ಹೇಳಿದ್ದು ನಿನಗೆ?’

‘ಯಾರೂ ಹೇಳಿಲ್ಲ. ಹೊದಿಸಿ ನೋಡಿ. ಒಂಬತ್ತೂ ಮುಕ್ಕಾಲು ಆಯ್ತು.’

ಅವರು ಒಮ್ಮೆ ಬೀದಿಯ ಜನವನ್ನು ನೋಡಿದರು. ತುಂಗಮ್ಮ ಕತ್ತು ಚಾಚಿದ್ದಳು. ಕಿಟಕಿಯ ಒಂದು ಬಾಗಿಲನ್ನು ಮುಂದೆ ತಳ್ಳಿ ಅವಳಿಗೆ ಕಾಣದಂತೆ ಮಾಡಿ, ವಸ್ತ್ರ ತೆಗೆದು ಪಂಜರದ ಮೇಲೆ ಎಳೆದರು. ಗಲಗಲ ಎನ್ನುತ್ತಿದ್ದುದು ಗುಳುಗುಳು ಆಯಿತು. ಆಮೇಲೆ ಒಂದೇ ದನಿ ಉಳಿಯಿತು, ಸಾಸಿವೆಯದೇ ಇರಬೇಕು. ‘ಮಲಕ್ಕೋ ಮರಿ’ ಎಂದರು ವೆಂಕಟಾಚಲಯ್ಯ, ನಾನು ಅಲ್ಲಿರುವುದನ್ನೇ ಮರೆತು. ಆ ದನಿಯೂ ನಿಂತಿತು. ಕಿಟಕಿಯೊಳಗೆ ಕತ್ತಲು ತುಂಬಿತು. ಎಲ್ಲೋ ಒಂದು ಜೀರುಂಡೆ ಕೂಗಿತು. ನನ್ನ ಬೆನ್ನ ಮೇಲೆ ಶುಕ್ರವಾರದ ಬಿಸಿಲು ಸುಡುತ್ತಿತ್ತು.

ಚಪ್ಪರದಲ್ಲಿ ಎಲ್ಲರೂ ಉಸಿರು ಬಿಟ್ಟರು. ಅವಧಾನಿಗಳು ಗಡಿಯಾರ ನೋಡಿ, ‘ಸಂತೋಷ. ಒಂದರ್ಧ ಗಂಟೆ ಮಲಗಲಿ, ಆಮೇಲೆ ಬಟ್ಟೆ ತೆಗೆದುಬಿಡಿ. ಶುಕ್ರವಾರ ಆಗುತ್ತೆ, ಮುಹೂರ್ತಕ್ಕೂ ಸರಿಹೋಗುತ್ತೆ’ ಎಂದರು. ವಾಲಗದ ಮುನಿಯಪ್ಪ ಡೋಲನ್ನು ತೊಡೆಗೆ ಎಳೆದುಕೊಂಡ. ಎಲ್ಲರೂ ನನ್ನ ಕಡೆ ನೋಡಿದರು. ಕಿಟಕಿಯ ಕತ್ತಲಿನಿಂದ ವೆಂಕಟಾಚಲಯ್ಯನವರೂ, ‘ನೀನು ಹೇಳಿದ ಹಾಗೆ ಭೂಷಣ’ ಎಂದರು. ಅವರು ಬರೀ ‘ಅಯ್ಯಾ’ ಎನ್ನದೆ ನನ್ನನ್ನು ಹೆಸರಿನಿಂದ ಕರೆದದ್ದು ಅದೇ ಮೊದಲು.

ಹೂಂ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ನಾಲ್ಕು ಜೀವ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅದೂ ನನ್ನ ಜರಿ ಅಂಚಿನ ದೆಸೆಯಿಂದ. ಅರ್ಧ ನಿದ್ದೆಯಲ್ಲಿ ಎಬ್ಬಿಸಿದರೆ ಬೆಚ್ಚಿಬಿದ್ದು ಪಂಜರದ ಕಂಬಿಗೆ ಬಡಿದುಕೊಳ್ಳುತ್ತವೆ, ರೆಕ್ಕೆ ಮುರಿದರೆ ಸಾಸಿವೆಯಂಥದ್ದು ಬದುಕುವುದಿಲ್ಲ. ನನಗೆ ಅಳು ಬರುವಂತಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಷಾಢ ಮುಗಿಯುವ ಹೊತ್ತಿಗೆ ಅವಳು ಮನಸ್ಸು ಬದಲಾಯಿಸುತ್ತಾಳೆ ಎಂದು ಖಾತ್ರಿ ಇತ್ತು.

‘ಹತ್ತು ಗಂಟೆ ಮಲಗಲಿ ಸ್ವಾಮಿ’ ಎಂದೆ. ‘ಒಂದು ನಿಮಿಷ ಕಡಿಮೆ ಆಗಕೂಡದು. ಮುಹೂರ್ತ ಹೋದರೆ ಹೋಯ್ತು, ಆಷಾಢ ಕಳೆದ ಮೇಲೆ ಬರ್ತೀನಿ. ಅವರು ಆಗಲೂ ಬೇಕು ಅಂದ್ರೆ.’

‘ಅಯ್ಯೋ ಪೆದ್ದೇ’ ಎಂದಳು ತುಂಗಮ್ಮ. ಈ ಸಲ ಚುಡಾಯಿಸಿದ್ದಲ್ಲ, ನಿಜವಾಗಿ ನೊಂದು ಹೇಳಿದ್ದು. ನಾನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ಜಗಲಿಯ ಮೆಟ್ಟಿಲಿಳಿದೆ.

ಆಗ ಬಾಗಿಲು ತೆರೆಯಿತು. ಚಿಲಕ ಸದ್ದಾಗದಂತೆ ಯಾರೋ ಎರಡು ಬೆರಳಲ್ಲಿ ಹಿಡಿದು ಸರಿಸಿದ್ದರು. ಒಳಗಿನ ಕತ್ತಲಿನಿಂದ ಪಂಕಜಾಕ್ಷಿ ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡಿ ನಿಂತಳು. ಬರಿಗಾಲು. ಬಳೆಗಳು ಸದ್ದು ಮಾಡಬಾರದೆಂದು ಮೊಣಕೈ ತನಕ ಏರಿಸಿ ಕರವಸ್ತ್ರ ಕಟ್ಟಿಕೊಂಡಿದ್ದಳು.

‘ಅವಧಾನಿಗಳೇ’ ಎಂದಳು ಮೆತ್ತಗೆ. ‘ಒಳಗೆ ರಾತ್ರಿ ಆಯ್ತು. ಅಂದಮೇಲೆ ನಾನು ನಿನ್ನೆಯವಳಂತೂ ಅಲ್ಲ. ಅಲ್ವಾ?’

‘ರಾತ್ರಿ ಮನೆಯಿಂದ ಹೆಣ್ಣು ಹೊರಡೋ ಪದ್ಧತಿ ಇಲ್ಲಮ್ಮ...’ ಎಂದು ಅವರು ಎಳೆದರು.

‘ನಾನು ಹೊರಟಾಯ್ತಲ್ಲ. ಈ ಊರಲ್ಲಿ ಹಕ್ಕಿ ನಿದ್ದೆಗೋಸ್ಕರ ತನ್ನ ಮುಹೂರ್ತ ಬಿಟ್ಟ ಗಂಡಸು ಇವರೊಬ್ಬರೇ. ಇವರನ್ನ ಆಷಾಢ ಕಳೆಯೋ ತನಕ ಬಿಟ್ಟರೆ ಬೇರೆ ಯಾರಾದರೂ ಕರ್ಕೊಂಡು ಹೋಗ್ತಾರೆ.’ ನನ್ನ ಕಡೆ ತಿರುಗಿ, ‘ಪೇಟ ಹಾಕ್ಕೊಳ್ಳಿ. ತಲೆ ಬೋಳಾಗಿರೋದು ಎಲ್ರಿಗೂ ಕಾಣ್ತಿದೆ’ ಎಂದಳು.

ನಮ್ಮೂರು ಅಂಥ ಮದುವೆಯನ್ನು ಕಂಡಿರಲಿಲ್ಲ. ಕಿಟಕಿಯಿಂದ ನಾಲ್ಕು ಮೊಳ ದೂರದಲ್ಲಿ ಚಪ್ಪರ, ಒಳಗೆ ಮಲಗಿದ ಗಿಣಿಗಳು. ಅವಧಾನಿಗಳು ಮಂತ್ರವನ್ನು ಗುಟ್ಟು ಹೇಳುವವರಂತೆ ಹೇಳಿದರು. ಮುನಿಯಪ್ಪ ಡೋಲಿನ ಮೇಲೆ ಬೆರಳು ಸವರಿದ, ಬಾರಿಸಲಿಲ್ಲ. ನಾಗಸ್ವರದವನು ನಾಗಸ್ವರವನ್ನು ಬಾಯಿಗಿಟ್ಟು ಕೆನ್ನೆ ಮಾತ್ರ ಉಬ್ಬಿಸಿದ. ಸೀನು ಬಂದ ಒಬ್ಬ ಮುದುಕರು ಮೂಗು ಹಿಡಿದುಕೊಂಡು ಬೀದಿಯ ತುದಿಗೆ ಓಡಿದರು. ಧಾರೆ ಎರೆಯಲು ವೆಂಕಟಾಚಲಯ್ಯನವರು ತುದಿಗಾಲಲ್ಲಿ ಹೊರಗೆ ಬಂದರು. ಮೈಮೇಲೆ ವಸ್ತ್ರವಿರಲಿಲ್ಲ, ಅದು ಪಂಜರದ ಮೇಲಿತ್ತು. ಉತ್ತರೀಯವಿಲ್ಲದೆ ಧಾರೆ ಎರೆಯಬಾರದು ಎಂದು ಅವಧಾನಿಗಳು ಸನ್ನೆ ಮಾಡಿದರು. ಅವರು ಒಳಗೆ ಹೋಗಿ ನನ್ನ ನೀಲಿ ಸ್ಯಾಟಿನ್ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಜರಿ ಅಂಚು ಬಿಸಿಲಿಗೆ ಮಿಂಚಿತು. ನಗು ತಡೆಯಲಾರದೆ ತುಂಗಮ್ಮ ಸೆರಗು ಕಚ್ಚಿಕೊಂಡಳು. ಆದರೆ ಅವರು ತಂಗಿಯ ಕೈಯನ್ನು ನನ್ನ ಕೈಮೇಲಿಟ್ಟು ನೀರು ಬಿಡುವಾಗ ಅವಳೂ ಅದೇ ಸೆರಗಿನಲ್ಲಿ ಕಣ್ಣು ಒರೆಸಿದಳು. ಅವತ್ತು ಎಲ್ಲರೂ ಅತ್ತರು. ಒಬ್ಬರೂ ಸದ್ದು ಮಾಡಲಿಲ್ಲ.

ರಾತ್ರಿ ಎಂಟು ಗಂಟೆಗೆ, ಬೀದಿಯಲ್ಲಿ ದೀಪ ಹಚ್ಚಿ ಒಂದು ತಾಸಾದ ಮೇಲೆ, ಆ ಮನೆಯಲ್ಲಿ ಶುಕ್ರವಾರ ಬೆಳಗಾಯಿತಂತೆ. ನಮ್ಮ ಮನೆಯ ವಿಷಯ ಕೇಳಬೇಡಿ. ಹೊದಿಕೆಯನ್ನು ಪಂಕಜಾಕ್ಷಿಯ ಕೈಗೆ ಕೊಟ್ಟಿದ್ದೆ. ಅವಳು ಆಸೆಯಿಂದ ಆ ಬದನೆಕಾಯಿ ಬಣ್ಣದ ತುಂಡನ್ನು ನನ್ನ ಗಿಣಿಗಳಿಗೆ ಹೊದಿಸಿದಳು. ಅವಕ್ಕೆ ಅದರ ವಾಸನೆ ಹೊಸದು. ಮದುವೆಯಾದ ಹೊಸದರಲ್ಲೇ ನಮ್ಮ ಮನೆಯಲ್ಲಿ ಬಹಳ ಹೊತ್ತು ರಾತ್ರಿಯೇ ಆಗಲಿಲ್ಲ. ಊರಿಗೆ ಅದು ಹೇಗೋ ಗೊತ್ತಾಗಿ, ತಿಂಗಳುಗಟ್ಟಲೆ ನನ್ನನ್ನು ಕಂಡವರೆಲ್ಲ ‘ನಿಮ್ಮನೇಲಿ ಇವತ್ತು ಯಾವ ವಾರ’ ಎಂದು ಕೇಳಿ ನಕ್ಕರು.

ಮದುವೆಯಾಗಿ ವಾರ ಕಳೆದಾಗ ವೆಂಕಟಾಚಲಯ್ಯನವರು ಅಂಗಡಿಗೆ ಬಂದರು. ಆಚೆ ಈಚೆ ನೋಡಲಿಲ್ಲ. ಜನ ಇದ್ದರು, ತುಂಗಮ್ಮನೂ ಇದ್ದಳು. ‘ಸಮುದ್ರನೊರೆ ಎರಡು ಬಿಲ್ಲೆ ಕೊಡು ಭೂಷಣ’ ಎಂದರು.

‘ಎರಡಾ? ಹಲ್ಲು ಉಜ್ಜೋಕೆ ಒಂದು ಸಾಕಾಗಲ್ವಾ ಭಾವ?’ ಎಂದೆ, ಬಿಲ್ಲೆ ಕಟ್ಟುತ್ತಾ.

ಅವರು ಬಾಯಿಗೆ ಕೈಹಾಕಿ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಹಲ್ಲಿನ ಸೆಟ್ಟನ್ನು ತೆಗೆದು ನವಣೆ ಮೂಟೆಯ ಮೇಲೆ ಇಟ್ಟರು. ‘ಹನ್ನೆರಡು ವರ್ಷ ಆಯ್ತು ಕಣಯ್ಯಾ ಇವನ್ನ ಕಟ್ಟಿಸಿ’ ಎಂದರು, ಬೊಚ್ಚುಬಾಯಲ್ಲಿ. ‘ಸಾಸಿವೆಗೆ ಒಂದು ಬಿಲ್ಲೆ ಸಾಕಾಗಲ್ಲ.’

ಹೇಳಿ, ಅಂಗಡಿಯಲ್ಲಿದ್ದವರ ಮುಂದೆಲ್ಲ ಬಾಯಿ ತುಂಬ ನಕ್ಕರು.